ನೀಲಿಯೆಲ್ಲ ಕುರಿಂಜಿಯಲ್ಲ

2021ರ ಮಳೆಗಾಲದಲ್ಲಿ ಕೊಡಗಿನ ಮಾಂದಲಪಟ್ಟಿಯ ಬೋಳುಗುಡ್ಡಗಳು ನೀಲಿಯಾದವು. ಮರುವರ್ಷ ಮಳೆ ಹಿಂಜರಿಯುವ ಹೊತ್ತಿಗೆ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಸಾಲಿನ ಸರದಿ. ಎರಡೂ ಕಡೆ ವಾಹನಗಳು ಸಾಲುಗಟ್ಟಿದವು. ಎರಡೂ ಕಡೆಯಿಂದ ಬಂದ ಸುದ್ದಿಗೆ ಹೆಚ್ಚುಕಡಿಮೆ ಒಂದೇ ತಲೆಬರಹ: ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ. ಕಣ್ತುಂಬ ನೋಡಿ ಬಂದವರ ಸಂತೋಷಕ್ಕೆ ಇದರಿಂದ ಏನೂ ಕೊರತೆಯಾಗಲಿಲ್ಲ. ಆದರೆ ಒಂದು ಸರಳ ಲೆಕ್ಕ ಹಾಕಿ ನೋಡೋಣ. 2021ರಲ್ಲಿ ಒಂದು ಗುಡ್ಡದಲ್ಲಿ ಅರಳಿದ್ದು ನಿಜಕ್ಕೂ ನೀಲಕುರಿಂಜಿಯಾಗಿದ್ದರೆ ಆ ಗುಡ್ಡ ಮತ್ತೆ ನೀಲಿಯಾಗಬೇಕಾದದ್ದು 2033ರಲ್ಲಿ. ಅದೇ ಗಾತ್ರದ, ಅದೇ ಬಣ್ಣದ, ಅದರ ಹತ್ತಿರದ ನಂಟನಾದ ಇನ್ನೊಂದು ಗಿಡವಾಗಿದ್ದರೆ 2028ಕ್ಕೇ ಮತ್ತೆ ಹೂ. ಹೆಸರೊಂದು ತಪ್ಪಿದರೆ ಐದು ವರ್ಷ ತಪ್ಪುತ್ತದೆ. ಆ ಇಳಿಜಾರಿಗೆ ಬೆಂಕಿ ಬೀಳದಂತೆ ಕಾಯಬೇಕಾದದ್ದು ಯಾವಾಗ, ಬೀಜ ಉದುರುವ ಕಾಲದಲ್ಲಿ ಜನರನ್ನು ದೂರವಿಡಬೇಕಾದದ್ದು ಯಾವಾಗ ಎಂಬ ಪ್ರಶ್ನೆಗಳ ಉತ್ತರವೂ ಅದರೊಂದಿಗೇ ತಪ್ಪುತ್ತದೆ. ಬೆಟ್ಟದ ಹುಲ್ಲುಗಾವಲಿನಲ್ಲಿ ಒಂದನ್ನೊಂದು ಹೋಲುವ ಹೂಗಳನ್ನು ಬೇರೆಬೇರೆಯಾಗಿ ಗುರುತಿಸುವ ಕೆಲಸಕ್ಕೆ ಇಷ್ಟು ತೂಕವಿದೆ. ಹಾಗೆ ಗುರುತಿಸಲು ಬಣ್ಣವನ್ನು ಕೊನೆಯ ಸಾಕ್ಷಿಯಾಗಿ ಇಟ್ಟುಕೊಳ್ಳಬೇಕು, ಸಾಕ್ಷಿ ಸಾಲದ ಕಡೆ ಹೆಸರನ್ನು ಅರ್ಧಕ್ಕೇ ನಿಲ್ಲಿಸುವ ಧೈರ್ಯವಿರಬೇಕು. ಈ ಲೇಖನದ ವಾದ ಇಷ್ಟೇ.

ಮೊದಲು ಆ ನೀಲಿ ಬಳಗವನ್ನೇ ನೋಡೋಣ. ಸಸ್ಯವಿಜ್ಞಾನಿಗಳು ಸ್ಟ್ರೊಬೈಲಾಂಥಿಸ್ ಎಂದು ಕರೆಯುವ ಕುಲದಲ್ಲಿ 350ಕ್ಕೂ ಹೆಚ್ಚು ಪ್ರಭೇದಗಳಿವೆ. ಮಲೆನಾಡಿನಲ್ಲಿ ಈ ಬಳಗದ ಗಿಡಗಳಿಗೆ ಗುರಿಗೆ ಎಂಬ ಹೆಸರಿದೆ. ಇವುಗಳಲ್ಲಿ ಹಲವು ಬಿದಿರಿನ ಹಾಗೆ ಬದುಕುತ್ತವೆ: ವರ್ಷಗಟ್ಟಲೆ ಬರೀ ಎಲೆ, ಆಮೇಲೆ ಇಡೀ ಗುಡ್ಡದ ಗಿಡಗಳೆಲ್ಲ ಒಮ್ಮೆಲೇ ಹೂ, ಬೀಜ ಕಟ್ಟಿದ ಮೇಲೆ ಒಟ್ಟಿಗೇ ಸಾವು. ನೀಲಕುರಿಂಜಿ ಎಂದರೆ ಸ್ಟ್ರೊಬೈಲಾಂಥಿಸ್ ಕುಂತಿಯಾನಾ ಎಂಬ ಒಂದು ಪ್ರಭೇದ. ಸಮುದ್ರಮಟ್ಟದಿಂದ ಸುಮಾರು 1,300ರಿಂದ 2,400 ಮೀಟರ್ ಎತ್ತರದ ಶೋಲ ಹುಲ್ಲುಗಾವಲು ಅದರ ನೆಲೆ. ಹೂವಿನ ಅಂತರ ಹನ್ನೆರಡು ವರ್ಷ. ಕೇರಳದ ಮುನ್ನಾರಿನಲ್ಲಿ ಅದು 1982, 1994, 2006, 2018ರಲ್ಲಿ ಅರಳಿದ್ದು ದಾಖಲಾಗಿದೆ. ಎರಡನೆಯದು ಸ್ಟ್ರೊಬೈಲಾಂಥಿಸ್ ಸೆಸೈಲಿಸ್. ಮಹಾರಾಷ್ಟ್ರದ ಕಾಸ್ ಪ್ರಸ್ಥಭೂಮಿಯ ಜನ ಇದನ್ನು ಟೋಪ್ಲಿ ಕಾರ್ವಿ ಎನ್ನುತ್ತಾರೆ. ಮರಾಠಿಯಲ್ಲಿ ಟೋಪ್ಲಿ ಎಂದರೆ ಬುಟ್ಟಿ. ಗಿಡ ಬೋರಲು ಹಾಕಿದ ಬುಟ್ಟಿಯಂತೆ ಗುಂಡಗೆ ಕೂತಿರುತ್ತದೆ. ಇದು ಏಳು ವರ್ಷಕ್ಕೊಮ್ಮೆ ಅರಳುತ್ತದೆ. ಕಾಸ್‌ನಲ್ಲಿ 2016ರಲ್ಲಿ ಅರಳಿತ್ತು, ಮತ್ತೆ 2023ರಲ್ಲಿ ಅರಳಿತು. ಮೂರನೆಯದು ಸ್ಟ್ರೊಬೈಲಾಂಥಿಸ್ ಕ್ಯಾಲೋಸಾ, ಅಂದರೆ ದೊಡ್ಡ ಕಾರ್ವಿ. ಇದರ ಅವಧಿ ಎಂಟು ವರ್ಷ. ಆಳೆತ್ತರ ಮೀರಿ ಬೆಳೆಯುವ ಇದರ ಕಡ್ಡಿಗಳನ್ನು ಹೆಣೆದು, ಮೇಲೆ ಮಣ್ಣು ಮೆತ್ತಿ ಕೊಂಕಣದಲ್ಲಿ ಮನೆಗೋಡೆ ಕಟ್ಟುತ್ತಿದ್ದರು. ಮೂರರ ಹೂವೂ ಗಂಟೆಯಾಕಾರದ್ದು, ಮೂರೂ ನೀಲಿ–ನೇರಳೆ. ದೂರದಿಂದ ತೆಗೆದ ಗುಡ್ಡದ ಚಿತ್ರದಲ್ಲಿ ಮೊದಲೆರಡನ್ನು ಬೇರೆ ಮಾಡುವುದು ಯಾರಿಂದಲೂ ಆಗದ ಕೆಲಸ.

ಹತ್ತಿರ ಹೋದರೆ ಮಾತ್ರ ದಾರಿ ತೆರೆಯುತ್ತದೆ, ಅದೂ ಹೂವಿನಿಂದಲ್ಲ, ಎಲೆಯಿಂದ. ಸೆಸೈಲಿಸ್ ಎಂಬ ಲ್ಯಾಟಿನ್ ಪದಕ್ಕೆ ತೊಟ್ಟಿಲ್ಲದ್ದು ಎಂದರ್ಥ. ಆ ಗಿಡದ ಎಲೆ ತೊಟ್ಟಿಲ್ಲದೆ ನೇರವಾಗಿ ಕಡ್ಡಿಗೆ ಅಂಟಿಕೊಂಡಿರುತ್ತದೆ. ನೀಲಕುರಿಂಜಿಯ ಎಲೆಗೆ ತೊಟ್ಟಿದೆ, ಅಂಚು ಗರಗಸದಂತೆ ಹಲ್ಲುಹಲ್ಲಾಗಿದೆ. ಕ್ಯಾಲೋಸಾ ಎಂದರೆ ಜಡ್ಡುಗಟ್ಟಿದ್ದು. ಅದರ ಕಾಂಡದ ಮೇಲೆ ಗಂಟುಗಂಟಾದ ಉಬ್ಬುಗಳಿರುತ್ತವೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹೆಸರಿಟ್ಟವರು ಗಿಡದ ಗುರುತನ್ನು ಹೆಸರಿನೊಳಗೇ ಇಟ್ಟು ಹೋಗಿದ್ದಾರೆ, ಆದರೆ ಆ ಗುರುತು ನಮ್ಮ ಕಣ್ಣನ್ನು ಮೊದಲು ಸೆಳೆಯುವ ನೀಲಿಯಲ್ಲಿಲ್ಲ. ಯಾರೂ ಬಗ್ಗಿ ನೋಡದ ಎಲೆಯ ಬುಡದಲ್ಲಿ, ಕಾಂಡದ ಸಿಪ್ಪೆಯಲ್ಲಿ ಇದೆ.

ಬಣ್ಣ ಏಕೆ ದುರ್ಬಲ ಸಾಕ್ಷಿ? ಹೂವಿನ ನೀಲಿ, ನೇರಳೆ, ಗುಲಾಬಿ ಬಣ್ಣಗಳು ಬಹುಪಾಲು ಆಂಥೊಸಯನಿನ್ ಎಂಬ ಒಂದೇ ವರ್ಗದ ವರ್ಣದ್ರವ್ಯಗಳಿಂದ ಬರುತ್ತವೆ. ಜೀವಕೋಶದೊಳಗಿನ ಹುಳಿ ಏರಿಳಿದರೆ ಅವುಗಳ ಛಾಯೆಯೂ ಬದಲಾಗುತ್ತದೆ. ಬೆಳಿಗ್ಗೆ ಕಡುನೀಲಿಯಾಗಿದ್ದದ್ದು ಸಂಜೆಗೆ ಮಾಸುತ್ತದೆ, ಒಂದೇ ಗುಂಪಿನಲ್ಲಿ ಒಂದು ಗಿಡ ಬಿಳಿಯಾಗಿಯೇ ಹುಟ್ಟುತ್ತದೆ. ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿದ ಮಾದರಿಯಲ್ಲಿ ಬಣ್ಣ ಬೇಗ ಅಳಿದುಹೋಗುವುದರಿಂದಲೇ ಸಸ್ಯ ಸಂಗ್ರಾಹಕರು ಹಸಿ ಹೂವಿನ ಬಣ್ಣವನ್ನು ಸ್ಥಳದಲ್ಲೇ ಚೀಟಿಯಲ್ಲಿ ಬರೆದಿಡುತ್ತಾರೆ. ಬಣ್ಣವಿರುವುದು ಮುಖ್ಯವಾಗಿ ಹುಳುಗಳಿಗಾಗಿ. ಒಂದೇ ತುಡುವೆ ಜೇನನ್ನು ಕರೆಯಬೇಕಾದ ಹತ್ತು ಗಿಡಗಳು, ಪರಸ್ಪರ ನಂಟಿಲ್ಲದಿದ್ದರೂ, ಒಂದೇ ಬಣ್ಣಕ್ಕೆ ಬರಬಹುದು. ಎತ್ತರವೂ ನಂಬಿಕೆಗೆ ಅರ್ಹವಲ್ಲ. ಬಯಲು ಇಳಿಜಾರಿನ ಗಾಳಿಗೆ ಮೈಯೊಡ್ಡಿದ ನೀಲಕುರಿಂಜಿ ಮೊಣಕಾಲೆತ್ತರಕ್ಕೆ ನಿಲ್ಲುತ್ತದೆ. ಅದೇ ಪ್ರಭೇದ ಅನುಕೂಲವಾದ ಜಾಗ ಸಿಕ್ಕಿದರೆ ಆಳೆತ್ತರಕ್ಕೆ ಹೋಗುತ್ತದೆ. ಮುಳ್ಳಯ್ಯನಗಿರಿಯಂಥ ಸುಮಾರು 1,930 ಮೀಟರ್ ಎತ್ತರದ ನೆತ್ತಿಯಲ್ಲಿ ತೆಳುವಾದ ಮಣ್ಣು, ಬಿರುಸಾದ ಗಾಳಿ, ತಿಂಗಳುಗಟ್ಟಲೆ ಮಂಜು, ಆಮೇಲೆ ಸುಡುವ ಬೇಸಿಗೆ. ಇಷ್ಟನ್ನೂ ತಾಳಬೇಕಾದ ಗಿಡಗಳು ಕುಳ್ಳಾಗಿ, ಒತ್ತೊತ್ತಾಗಿ ಬೆಳೆದು ಒಂದನ್ನೊಂದು ಹೋಲುವುದು ಸಹಜ. ಹುಲ್ಲುಗಾವಲಿನ ಹೂಗಳು ನಮ್ಮನ್ನು ಇಷ್ಟೊಂದು ತಬ್ಬಿಬ್ಬುಗೊಳಿಸುವುದಕ್ಕೆ ಅರ್ಧ ಕಾರಣ ರಕ್ತಸಂಬಂಧ, ಇನ್ನರ್ಧ ಕಾರಣ ಒಂದೇ ಬಗೆಯ ಕಷ್ಟ.

ಹಾಗಾದರೆ ಗಟ್ಟಿ ಸಾಕ್ಷಿ ಯಾವುದು? ಗಾಳಿ, ಮಣ್ಣು, ವಯಸ್ಸು ಸುಲಭಕ್ಕೆ ಬದಲಿಸಲಾಗದ ಅಂಗರಚನೆ. ಎಲೆಗಳು ಎದುರುಬದುರಾಗಿವೆಯೇ, ಒಂದಾದ ಮೇಲೊಂದಿವೆಯೇ? ಎಸಳುಗಳು ಬಿಡಿಯೋ, ಕೂಡಿಕೊಂಡು ಕೊಳವೆಯಾಗಿವೆಯೋ? ಕೇಸರಗಳು ಎಷ್ಟು, ಎಲ್ಲವೂ ಒಂದೇ ಥರವೇ? ಮಳೆಗಾಲದಲ್ಲಿ ಒದ್ದೆ ಹುಲ್ಲಿನ ನಡುವೆ ಕಾಣುವ ಮೂರೆಸಳಿನ ನೀಲಿ ಹೂಗಳನ್ನೇ ತೆಗೆದುಕೊಳ್ಳಿ. ಹೊಲದಂಚಿನಲ್ಲಿ ಕಿತ್ತು ಸಾರಿಗೆ ಹಾಕುವ ಕನ್ನೆಸೊಪ್ಪು ಕಾಮೆಲಿನಾ ಕುಲದ್ದು. ಅದರ ಹೂ ದೋಣಿಯಂತೆ ಮಡಚಿಕೊಂಡ ಹಸಿರು ಎಲೆಯೊಂದರ ಒಳಗಿನಿಂದ ತಲೆ ಹೊರಹಾಕುತ್ತದೆ; ಎರಡು ಎಸಳು ದೊಡ್ಡವು, ಮೂರನೆಯದು ಚಿಕ್ಕದು. ಲಿನೇಯಸ್ ಈ ಕುಲಕ್ಕೆ ಹಾಲೆಂಡಿನ ಕಾಮೆಲಿನ್ ಮನೆತನದ ಹೆಸರಿಟ್ಟದ್ದೂ ಇದೇ ಕಾರಣಕ್ಕೆ: ಆ ಮನೆತನದ ಇಬ್ಬರು ಸಸ್ಯವಿಜ್ಞಾನದಲ್ಲಿ ಹೆಸರು ಮಾಡಿದರು, ಮೂರನೆಯವರು ಏನನ್ನೂ ಸಾಧಿಸುವ ಮುನ್ನವೇ ತೀರಿಕೊಂಡರು. ಅದರ ನಂಟನಾದ ಮುರ್ಡಾನಿಯಾದಲ್ಲಿ ಮೂರೂ ಎಸಳು ಹೆಚ್ಚುಕಡಿಮೆ ಸಮ, ಬುಡದಲ್ಲಿ ದೋಣಿಯಿಲ್ಲ. ಸಹಾರನ್‌ಪುರದ ಸಸ್ಯತೋಟದಲ್ಲಿ ಒಣಮಾದರಿಗಳನ್ನು ನೋಡಿಕೊಳ್ಳುತ್ತಿದ್ದ ಮುರ್ದಾನ್ ಅಲಿ ಎಂಬ ಭಾರತೀಯನ ನೆನಪು ಆ ಹೆಸರಿನಲ್ಲಿದೆ. ಮೂರನೆಯದಾದ ಸಯನೋಟಿಸ್‌ನಲ್ಲಿ ಎಸಳುಗಳು ನಡುವೆ ಕೂಡಿ ಚಿಕ್ಕ ಕೊಳವೆಯಾಗಿವೆ. ಆರೂ ಕೇಸರಗಳ ಮೇಲೆ ಗರಿಯಂಥ ನೀಲಿ ಕೂದಲು. ದೋಣಿ, ಸಮ ಎಸಳು, ಗರಿಗೂದಲು: ಮೂರು ಪ್ರಶ್ನೆಗೆ ಮೂರು ಕುಲ ಬೇರೆಯಾದವು, ಬಣ್ಣದ ಮಾತೇ ಬರಲಿಲ್ಲ.

ಇದೇ ಬಗೆಯ ಪ್ರಶ್ನೆಗಳು ಬೇರೆ ಜೋಡಿಗಳಿಗೂ ಸಲ್ಲುತ್ತವೆ. ಹಿತ್ತಲಲ್ಲಿ ಬೆಳೆಸುವ ಕರ್ಣಕುಂಡಲವೂ ಬೆಟ್ಟದ ಜೌಗಿನಲ್ಲಿ ತಾನಾಗಿ ಅರಳುವ ಇಂಪೇಶಿಯನ್ಸ್ ಚೈನೆನ್ಸಿಸ್ ಕೂಡ ಗುಲಾಬಿ ಬಣ್ಣದವು, ಎರಡರ ಹೂವಿಗೂ ಹಿಂದೆ ಜೇನು ತುಂಬಿದ ಬಾಲ. ಆದರೆ ಹಿತ್ತಲಿನದರ ಎಲೆಗಳು ಕಾಂಡದ ಸುತ್ತ ಒಂದೊಂದಾಗಿ ಏರುತ್ತವೆ. ಬೆಟ್ಟದ ಚೈನೆನ್ಸಿಸ್‌ನ ಕಿರಿದಾದ ಎಲೆಗಳು ತೊಟ್ಟಿಲ್ಲದೆ ಎದುರುಬದುರಾಗಿ ಜೋಡಿಯಲ್ಲಿ ಕೂತಿವೆ. ಮಲೆನಾಡು, ಕರಾವಳಿಯ ಮಕ್ಕಳು ತಿಂದು ನಾಲಿಗೆ ಕಪ್ಪಾಗಿಸಿಕೊಳ್ಳುವ ನೆಕ್ಕರಿಕ, ಅಂದರೆ ಮೆಲಾಸ್ಟೋಮಾ, ಮತ್ತು ಹುಲ್ಲುಗಾವಲಿನ ಆಸ್ಬೆಕಿಯಾ ಎರಡಕ್ಕೂ ಗುಲಾಬಿ–ನೇರಳೆ ಹೂ, ಎರಡರ ಎಲೆಯಲ್ಲೂ ಬುಡದಿಂದ ತುದಿಗೆ ಉದ್ದಕ್ಕೂ ಓಡುವ ನರಗಳು. ಹೂವಿನೊಳಗೆ ಇಣುಕಿದರೆ ನೆಕ್ಕರಿಕದಲ್ಲಿ ಕೇಸರಗಳು ಎರಡು ಅಳತೆಯವು, ಎರಡು ಬಣ್ಣದವು. ಆಸ್ಬೆಕಿಯಾದಲ್ಲಿ ಎಲ್ಲವೂ ಸಮ. ಹೂ ಉದುರಿದ ಮೇಲೆ ಒಂದರಲ್ಲಿ ತಿರುಳು ತುಂಬಿದ ಹಣ್ಣು, ಇನ್ನೊಂದರಲ್ಲಿ ಒಣ ಬಟ್ಟಲು. ಬಿಳಿ ಹೂವಿನ ನೆಲ ಆರ್ಕಿಡ್‌ಗಳಾದ ಹಬನೇರಿಯಾ ಬಳಗದಲ್ಲಿ ಗುರುತು ಇನ್ನೂ ಸೂಕ್ಷ್ಮ. ಹೂವಿನ ಹಿಂದಿನ ಜೇನುಗೊಳವೆ ಎಷ್ಟು ಉದ್ದ, ತುಟಿಯ ಅಂಚು ಸೀಳಿದೆಯೇ, ಎಲೆ ಕಾಂಡದ ಮೇಲಿದೆಯೇ ಇಲ್ಲವೇ ಹಬನೇರಿಯಾ ಗ್ರಾಂಡಿಫ್ಲೋರಿಫಾರ್ಮಿಸ್‌ನಲ್ಲಿರುವಂತೆ ನೆಲಕ್ಕೆ ಅಪ್ಪಿಕೊಂಡಿದೆಯೇ ಎಂದು ಕೇಳಬೇಕಾಗುತ್ತದೆ. ಹೀಗೆ ಒಂದೊಂದು ಪ್ರಶ್ನೆಗೂ ಎರಡೇ ಉತ್ತರವಿಟ್ಟು, ಕವಲು ಕವಲಾಗಿ ಹೆಸರಿನತ್ತ ನಡೆಸುವ ಕ್ರಮವನ್ನು ಫ್ರಾನ್ಸಿನ ಲಮಾರ್ಕ್ 18ನೆಯ ಶತಮಾನದಲ್ಲೇ ತನ್ನ ದೇಶದ ಸಸ್ಯಗಳಿಗಾಗಿ ಬಳಕೆಗೆ ತಂದ. ಸಲ್ಡಾನಾ ಮತ್ತು ನಿಕಲ್ಸನ್ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವೂ ಆ ಕ್ರಮದಲ್ಲೇ ಇದೆ.

ಈ ದಾರಿಗೂ ಕೊನೆಯಿದೆ ಎಂಬುದನ್ನು ಒಪ್ಪಿಕೊಂಡರೆ ಮಾತ್ರ ವಾದ ಪೂರ್ಣವಾಗುತ್ತದೆ. ನೀರು ನಿಂತ ಬಂಡೆಗಳ ಮೇಲೆ ಬಿಳಿ ಗುಂಡಿಗಳಂತೆ ಅರಳುವ ಎರಿಯೊಕಾಲನ್ ಗಿಡಗಳ ಹಲವು ಪ್ರಭೇದಗಳನ್ನು ಬೇರ್ಪಡಿಸಲು ಬೀಜದ ಮೇಲ್ಮೈಯ ನಕ್ಷೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬೆಟ್ಟದ ಮೇಲೆ ನಿಂತವರ ಬರಿಗಣ್ಣಿಗೆ ಅದು ಎಟುಕದು. ಅಲ್ಲಿ ಎರಿಯೊಕಾಲನ್ ಎಂದಷ್ಟೇ ಬರೆದು ಕೈಬಿಟ್ಟವರು ಸೋತವರಲ್ಲ. ತಾವು ಕಂಡಷ್ಟನ್ನೇ ಹೇಳಿದವರು. ಅಂದಾಜಿನಲ್ಲಿ ಪ್ರಭೇದದ ಹೆಸರು ಬರೆದವರು ಮುಂದಿನವರ ದಾರಿ ತಪ್ಪಿಸುತ್ತಾರೆ, ಏಕೆಂದರೆ ತಪ್ಪು ದಾಖಲೆಯನ್ನು ಅಳಿಸುವುದು ಖಾಲಿ ಜಾಗವನ್ನು ತುಂಬುವುದಕ್ಕಿಂತ ಕಷ್ಟ. ಈ ದೃಷ್ಟಿಯಿಂದ ಗುರಿಗೆ ಎಂಬ ನಮ್ಮ ಹಳೆಯ ಮಾತು ಪತ್ರಿಕೆಯ ತಲೆಬರಹಕ್ಕಿಂತ ಪ್ರಾಮಾಣಿಕವಾದದ್ದು. ಅದು ಒಂದು ಬಳಗವನ್ನು ಸೂಚಿಸಿ ನಿಲ್ಲುತ್ತದೆ. ಗೊತ್ತಿಲ್ಲದ ಹನ್ನೆರಡು ವರ್ಷದ ಲೆಕ್ಕವನ್ನು ಮೇಲೆ ಹೇರುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಸಹೃದಯರದು. ಹೂ ನೋಡಿ ಸಂತೋಷಪಡಲು ತೊಟ್ಟು, ಕೇಸರ ಎಣಿಸಬೇಕೇ? ಬೇಡ, ಖಂಡಿತ ಬೇಡ. ಆದರೆ ಎಣಿಸಿದರೆ ಸಂತೋಷ ಕುಗ್ಗುತ್ತದೆ ಎಂಬುದು ನಿಜವಲ್ಲ. ಕುರಿಂಜಿಯ ಹೆಸರನ್ನೇ ಬೆಟ್ಟನಾಡಿನ ಪ್ರೇಮಕಾವ್ಯದ ಪ್ರಕಾರಕ್ಕೆ ಇಟ್ಟ ಸಂಗಂ ಕಾಲದ ತಮಿಳು ಪರಂಪರೆಯಲ್ಲಿ ಕಪಿಲರ್ ಎಂಬ ಕವಿ ಒಂದೇ ಕಾವ್ಯದಲ್ಲಿ 99 ಹೂಗಳನ್ನು ಬಿಡಿಬಿಡಿಯಾಗಿ ಹೆಸರಿಸಿದ್ದಾನೆ. ಕನ್ನಡದಲ್ಲಿ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಂದಿಗಿನ ಸಸ್ಯಾನ್ವೇಷಣೆಯನ್ನೇ ‘ಹಸುರು ಹೊನ್ನು’ ಎಂಬ ಸಾಹಿತ್ಯಕೃತಿಯಾಗಿಸಿದರು; ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಸಂತೋಷದ ಮಾತು ಹಾಗಿರಲಿ, ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯಲ್ಲಿ ನೀಲಕುರಿಂಜಿ ರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿತು. 2024ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿ ಅದನ್ನು ಅಪಾಯಕ್ಕೀಡಾಗಬಲ್ಲ ಪ್ರಭೇದವೆಂದು ಗುರುತಿಸಿತು. ಈ ರಕ್ಷಣೆ ಸಿಗುವುದು ಒಂದು ನಿರ್ದಿಷ್ಟ ಪ್ರಭೇದಕ್ಕೆ. ಕಂಡ ನೀಲಿಯನ್ನೆಲ್ಲ ನೀಲಕುರಿಂಜಿ ಎಂದರೆ ನಿಜವಾದದ್ದು ಎಲ್ಲೆಡೆ ಹೇರಳವಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಹೂವಿಲ್ಲದ ಹನ್ನೊಂದು ವರ್ಷಗಳಲ್ಲಿ ಅದನ್ನು ಬರೀ ಪೊದೆಯೆಂದು ಸವರಿ ಹಾಕುವ ಕೈಗೆ ಆ ಭ್ರಮೆಯೇ ಸಮರ್ಥನೆಯಾಗುತ್ತದೆ. ಆ ವರ್ಷಗಳಲ್ಲಿ ಗಿಡವನ್ನು ಎಲೆಯಿಂದ ಗುರುತಿಸಬಲ್ಲವರೇ ಅದನ್ನು ಉಳಿಸಬಲ್ಲವರು.

ಎರಡನೆಯ ಆಕ್ಷೇಪ: ಊರ ಹೆಸರುಗಳು ಇರುವಾಗ ಲ್ಯಾಟಿನ್ ಏಕೆ? ಊರ ಹೆಸರುಗಳಲ್ಲಿ ತಲೆಮಾರುಗಳ ಅನುಭವ ತುಂಬಿದೆ, ಅವನ್ನು ಕಳೆದುಕೊಂಡರೆ ನಷ್ಟ ನಮಗೇ. ಆದರೆ ಅವು ಒಂದೂರಿಂದ ಇನ್ನೊಂದೂರಿಗೆ ಹೋಗುವಾಗ ಗಿಡ ಬದಲಿಸುತ್ತವೆ. ಗೌರಿ ಹೂ ಎಂದರೆ ಕೆಲವರಿಗೆ ಹಿತ್ತಲಿನ ಕರ್ಣಕುಂಡಲ. ಮಲೆನಾಡಿನ ಹಲವರಿಗೆ ಬೆಂಕಿಯ ನಾಲಿಗೆಯಂಥ ಎಸಳಿನ, ಅಗ್ನಿಶಿಖೆ ಎಂದೂ ಕರೆಯುವ ಗ್ಲೋರಿಯೋಸಾ ಬಳ್ಳಿ. ಮೊದಲನೆಯದು ನಿರುಪದ್ರವಿ ತೋಟದ ಹೂ. ಎರಡನೆಯದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಘೋರ ವಿಷವಿದೆ. ಗೆಣಸೆಂದು ತಪ್ಪಿ ತಿಂದವರು ಪ್ರಾಣ ಕಳೆದುಕೊಂಡದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಹಾಗಾಗಿ ಎರಡೂ ಹೆಸರು ಬೇಕು. ಊರ ಹೆಸರು ಆ ಗಿಡದೊಂದಿಗೆ ಜನರ ಬಾಳುವೆಯನ್ನು ಹೇಳುತ್ತದೆ, ಶಾಸ್ತ್ರದ ಹೆಸರು ಯಾವ ಗಿಡದ ಮಾತು ನಡೆದಿದೆ ಎಂಬುದನ್ನು ಗಟ್ಟಿಮಾಡುತ್ತದೆ.

ಮೂರನೆಯ ಆಕ್ಷೇಪ ಇಂದಿನದು: ಮೊಬೈಲ್ ತೋರಿಸಿದರೆ ಹೆಸರು ಬರುತ್ತದಲ್ಲ? ಬರುತ್ತದೆ, ಅನೇಕ ಸಲ ಸರಿಯಾಗಿಯೂ ಬರುತ್ತದೆ, ಕಲಿಯುವವರಿಗೆ ಅದು ಒಳ್ಳೆಯ ಊರುಗೋಲು. ಆದರೆ ಯಂತ್ರ ಕಲಿತದ್ದು ಜನ ತೆಗೆದ ಚಿತ್ರಗಳಿಂದ. ಜನ ಹೆಚ್ಚು ತೆಗೆಯುವುದು ಹೆಸರಾದ ಹೂಗಳನ್ನು, ಅದೂ ಎಸಳಿನ ಎದುರು ನೋಟವನ್ನು. ಎಲೆಯ ಬುಡ ಚಿತ್ರದಲ್ಲೇ ಇಲ್ಲದಿದ್ದರೆ ಸೆಸೈಲಿಸ್ ಯಾವುದು, ಕುಂತಿಯಾನಾ ಯಾವುದು ಎಂದು ಯಂತ್ರವೂ ಊಹಿಸಬೇಕಷ್ಟೆ. ಐನ್ಯಾಚುರಲಿಸ್ಟ್‌ನಂಥ ವೇದಿಕೆಗಳು ಒಂದು ದಾಖಲೆಯನ್ನು ಸಂಶೋಧನೆಗೆ ತಕ್ಕದ್ದೆಂದು ಪರಿಗಣಿಸುವ ಮುನ್ನ, ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿಯ ಒಮ್ಮತ ಕೇಳುವುದು ಈ ಕಾರಣಕ್ಕೇ. ಆ ಮಂದಿಗೂ ನೋಡಲು ಸಾಕ್ಷಿ ಬೇಕು. ಅದನ್ನು ಒದಗಿಸಬೇಕಾದವರು ಬೆಟ್ಟದ ಮೇಲೆ ನಿಂತವರು.

ನಾಲ್ಕನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ವಿಜ್ಞಾನಿಗಳೇ ಹೆಸರು ಬದಲಿಸುತ್ತಿರುವಾಗ ನಾವು ಯಾವುದನ್ನು ನಂಬುವುದು? ನೀಲಕುರಿಂಜಿಯನ್ನು ಮೊದಲು ವಿವರಿಸಿದ ಜರ್ಮನಿಯ ನೀಸ್ ಅದಕ್ಕೆ ಫ್ಲೆಬೊಫಿಲ್ಲಂ ಎಂಬ ಬೇರೆ ಕುಲದ ಹೆಸರು ಕೊಟ್ಟಿದ್ದ. 1944ರಲ್ಲಿ ಡಚ್ ವಿಜ್ಞಾನಿ ಬ್ರೆಮೆಕಾಂಪ್ ಸ್ಟ್ರೊಬೈಲಾಂಥಿಸ್ ಬಳಗವನ್ನು ಹತ್ತಾರು ಕುಲಗಳಾಗಿ ಒಡೆದರು, ನಂತರದವರು ಮತ್ತೆ ಕೂಡಿಸಿದರು. ನಿಜ, ಗೆರೆಗಳು ಸರಿದಾಡುತ್ತಿವೆ. ಆದರೆ ಏನು ಸರಿಯಿತು, ಏನು ಉಳಿಯಿತು ಎಂದು ನೋಡಬೇಕು. ಯಾವ ಗಿಡವನ್ನು ಯಾವ ಮನೆತನಕ್ಕೆ ಸೇರಿಸುವುದು ಎಂಬ ತೀರ್ಮಾನ ಬದಲಾಯಿತು. ಈ ಗಿಡದ ಎಲೆಗೆ ತೊಟ್ಟಿಲ್ಲ, ಆ ಗಿಡದ ಎಲೆಗೆ ತೊಟ್ಟಿದೆ ಎಂಬ ವೀಕ್ಷಣೆ ಎಳ್ಳಷ್ಟೂ ಬದಲಾಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಸ್ಯಸಂಗ್ರಹಾಲಯದಲ್ಲಿರುವ ಹಳೆಯ ಒಣಹಾಳೆಗೆ ಇಂದು ಹೊಸ ಹೆಸರಿನ ಚೀಟಿ ಅಂಟಿಸಬಹುದು, ಏಕೆಂದರೆ ಗಿಡ ಅಲ್ಲೇ ಇದೆ. ಹೆಸರು ಬದಲಾಗಬಲ್ಲದು ಎಂಬುದೇ ಹೆಸರಿನ ಜೊತೆ ಸಾಕ್ಷಿಯನ್ನೂ ಉಳಿಸಬೇಕೆಂಬುದಕ್ಕೆ ಅತಿ ದೊಡ್ಡ ಕಾರಣ.

ಕೊನೆಯ ಆಕ್ಷೇಪ ಕಾಳಜಿಯದು: ಇಷ್ಟೆಲ್ಲ ನೋಡಬೇಕೆಂದರೆ ಜನ ಹೂ ಕೀಳುವುದಿಲ್ಲವೇ, ಹುಲ್ಲು ತುಳಿಯುವುದಿಲ್ಲವೇ? ಕೀಳುವ ಅಗತ್ಯವೇ ಇಲ್ಲ. ರಕ್ಷಿತ ಗಿಡವನ್ನು ಕೀಳುವುದು ಅಪರಾಧವೂ ಹೌದು. ಇರುವ ಕಾಲುದಾರಿಯಿಂದ ಇಳಿಯದೆ, ದಾರಿಯಂಚಿನ ಒಂದೇ ಗಿಡದ ಮುಂದೆ ಬಗ್ಗಿ ಐದು ಚಿತ್ರ ತೆಗೆದರೆ ಸಾಕು: ಇಡೀ ಗಿಡ, ಎಲೆ ಕಾಂಡಕ್ಕೆ ಸೇರುವ ಜಾಗ, ಹೂವಿನ ಎದುರು, ಹೂವಿನ ಹಿಂಬದಿಯ ಹಸಿರು ಬಟ್ಟಲು ಅಥವಾ ಬಾಲ, ಕಾಯಿ ಇದ್ದರೆ ಕಾಯಿ. ಅಳತೆ ತಿಳಿಯಲು ಪಕ್ಕದಲ್ಲೊಂದು ನಾಣ್ಯ. ಜೊತೆಗೆ ತಾರೀಕು, ಜಾಗ, ಎತ್ತರ. ಗುಡ್ಡದ ಮುಂದೆ ನಿಂತು ತೆಗೆಸಿಕೊಳ್ಳುವ ನೂರು ಚಿತ್ರಗಳಿಗಿಂತ ಈ ಐದು ಹುಲ್ಲನ್ನು ಕಡಿಮೆ ತುಳಿಯುತ್ತವೆ. ಬೆಟ್ಟದ ಬಗ್ಗೆ ಅವು ಹೇಳುವುದು ಹೆಚ್ಚು.

ಈಗ ಮೊದಲಿನ ಲೆಕ್ಕಕ್ಕೆ ಮರಳೋಣ. 2028 ಬರುತ್ತದೆ, ಆಮೇಲೆ 2033. ಆ ವರ್ಷಗಳಲ್ಲಿ ಯಾವ ಗುಡ್ಡ ನೀಲಿಯಾಗುತ್ತದೆ ಎಂದು ಗಿಡಗಳು ತಮ್ಮೊಳಗೆ ಎಣಿಸಿಕೊಳ್ಳುತ್ತಿವೆ. ನಾವು ಎಣಿಸಬೇಕಾದರೆ ಇಂದು ಹೂವಿಲ್ಲದೆ ನಿಂತಿರುವ ಅವುಗಳ ಎಲೆಯ ಬುಡವನ್ನು ನೋಡಿ ಬರೆದಿಡಬೇಕು. ಶೋಲ ಹುಲ್ಲುಗಾವಲನ್ನು ಒಮ್ಮೆ ಕಳೆದುಕೊಂಡರೆ ನೆಟ್ಟು ಮರಳಿ ಪಡೆಯುವುದು ಬಲು ಕಷ್ಟ. ಅದನ್ನು ಕಾಯುವವರ ಕೈಯಲ್ಲಿ ಸರಿಯಾದ ಹೆಸರಿನ, ಸರಿಯಾದ ವರ್ಷದ, ಸಾಕ್ಷಿಯಿರುವ ಪಟ್ಟಿ ಇರಬೇಕು. ಅಂಥ ಪಟ್ಟಿ ಬೆಟ್ಟಕ್ಕೆ ಹೋದ ಸಾಮಾನ್ಯರು ಬಗ್ಗಿ ನೋಡಿದಷ್ಟೂ ಬೆಳೆಯುತ್ತದೆ. ತೊಟ್ಟಿದೆಯೋ ಇಲ್ಲವೋ ಎಂಬ ಒಂದು ಸಾಲು, ಅದನ್ನು ತೋರುವ ಒಂದು ಚಿತ್ರ, ತಿಳಿಯದಿದ್ದಲ್ಲಿ ಗುರಿಗೆ ಎಂದಷ್ಟೇ ಬರೆದು ನಿಲ್ಲಿಸಿದ ಲೇಖನಿ: ಹನ್ನೆರಡು ವರ್ಷ ತಾಳ್ಮೆಯಿಂದ ಕಾಯುವ ಹೂವಿಗೆ ನಾವು ತೋರಬಹುದಾದ ಗೌರವ ಅಲ್ಲಿಂದ ಶುರುವಾಗುತ್ತದೆ.